ಒಂದು ಮನೆ, ಎರಡು ಪ್ಯಾನ್: ಗಂಡ ಹೆಂಡತಿ ಕೂತು ನೋಡಬೇಕಾದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮನೆಯ ಹಣಕಾಸು ಮತ್ತು ತೆರಿಗೆಯ ವ್ಯವಹಾರಗಳನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಕಾಲಕಾಲಕ್ಕೆ ಪರಿಶೀಲಿಸುವ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ತೆರಿಗೆ ಸಲಹೆಯ ವೃತ್ತಿಯಲ್ಲಿರುವ ನನಗೆ ಈ ವಿಷಯದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ಪತ್ನಿಯ ಹೆಸರಿನಲ್ಲಿ ನಡೆಯುವ ಯಾವ ವ್ಯವಹಾರವೂ ಆಕೆಗೆ ತಿಳಿಯದೆ ನಡೆಯಬಾರದು; ಪತಿ ಹೊತ್ತ ಯಾವ ಹೊಣೆಯೂ ಪತ್ನಿಯಿಂದ ಮರೆಯಾಗಿ ಉಳಿಯಬಾರದು. ಹೇಳಿದಷ್ಟು ಸುಲಭವಾಗಿ ಇದು ನಮ್ಮ ಮನೆಗಳಲ್ಲಿ ನಡೆಯುತ್ತಿಲ್ಲ. ರಿಟರ್ನ್ಸ್ ಸಲ್ಲಿಸಲು ಬರುವ ದಂಪತಿಗಳಲ್ಲಿ ಮಾತನಾಡುವವರು ಸಾಮಾನ್ಯವಾಗಿ ಒಬ್ಬರೇ. ಇನ್ನೊಬ್ಬರು ಪ್ಯಾನ್ ಕಾರ್ಡಿನ ಪ್ರತಿ ಕೊಟ್ಟು, ಒಟಿಪಿ ಹೇಳಿ, ಸುಮ್ಮನೆ ಕೂರುತ್ತಾರೆ.

ಮೊದಲು ಕಾನೂನಿನ ನಿಲುವನ್ನು ತಿಳಿಯೋಣ. ಅಮೆರಿಕದಲ್ಲಿರುವ ನಮ್ಮ ಕನ್ನಡಿಗರು ಅಲ್ಲಿನ ನಿಯಮದಂತೆ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ಸ್ ಸಲ್ಲಿಸಬಹುದು. ಭಾರತದಲ್ಲಿ ಹಾಗಿಲ್ಲ. 1961ರ ಆದಾಯ ತೆರಿಗೆ ಕಾಯ್ದೆ ಗಂಡ ಹೆಂಡತಿಯನ್ನು ಇಬ್ಬರು ಪ್ರತ್ಯೇಕ ತೆರಿಗೆದಾರರೆಂದೇ ನೋಡುತ್ತಿತ್ತು. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ ಬಂದಿರುವ 2025ರ ಹೊಸ ಕಾಯ್ದೆಯೂ ಹಾಗೆಯೇ ನೋಡುತ್ತದೆ. ಇದರ ಪರಿಣಾಮ ಎಷ್ಟು ದೊಡ್ಡದೆಂಬುದನ್ನು ಒಂದು ಲೆಕ್ಕದಿಂದ ನೋಡಿ. ತೆರಿಗೆ ಲೆಕ್ಕ ಹಾಕಲು ವಿನಾಯಿತಿಗಳಿರುವ ಹಳೆಯ ಪದ್ಧತಿ, ಬಹುತೇಕ ವಿನಾಯಿತಿಗಳಿಲ್ಲದ ಹೊಸ ಪದ್ಧತಿ ಎಂದು ಎರಡಿವೆ. 2025ರ ಬಜೆಟ್ ನಿಗದಿಪಡಿಸಿದ ಹೊಸ ಪದ್ಧತಿಯ ದರದಲ್ಲಿ, ಪತಿ ಪತ್ನಿ ಇಬ್ಬರಿಗೂ ತಲಾ 12 ಲಕ್ಷ ರೂಪಾಯಿ ತೆರಿಗೆಯೋಗ್ಯ ಸಂಬಳವಿದ್ದರೆ ರಿಯಾಯಿತಿಯಿಂದಾಗಿ ಇಬ್ಬರೂ ಒಂದು ಪೈಸೆ ತೆರಿಗೆ ಕಟ್ಟಬೇಕಾಗಿಲ್ಲ. ಅದೇ 24 ಲಕ್ಷವನ್ನು ಒಬ್ಬರೇ ದುಡಿದು ತಂದರೆ, ತೆರಿಗೆಯ ಮೇಲಿನ ಉಪಕರವಾದ ಸೆಸ್ ಸೇರಿ 3,12,000 ರೂಪಾಯಿ ತೆರಿಗೆ ಬೀಳುತ್ತದೆ. ಮನೆಗೆ ಬರುವ ಹಣ ಒಂದೇ, ಉಣ್ಣುವ ಬಾಯಿಗಳೂ ಅಷ್ಟೇ. ತೆರಿಗೆ ಮಾತ್ರ ಬೇರೆ.

ಒಬ್ಬರೇ ದುಡಿಯುವ ಮನೆಗಳಲ್ಲಿ 'ಹೆಂಡತಿ ಹೆಸರಿನಲ್ಲಿ ಇಟ್ಟುಬಿಡೋಣ' ಎಂಬ ಆಲೋಚನೆ ಹುಟ್ಟುವುದು ಇಲ್ಲಿಂದಲೇ. ಪತ್ನಿಗೆ ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲ ಎಂಬ ಮಾತು ನಿಜ. ಆದರೆ ಅದು ಅರ್ಧ ನಿಜ. ಸೂಕ್ತ ಪ್ರತಿಫಲವಿಲ್ಲದೆ ಪತಿ ಪತ್ನಿಗೆ, ಅಥವಾ ಪತ್ನಿ ಪತಿಗೆ, ಕೊಟ್ಟ ಹಣದಿಂದ ಬರುವ ಆದಾಯವನ್ನು ಕೊಟ್ಟವರ ಆದಾಯಕ್ಕೇ ಸೇರಿಸಿ ತೆರಿಗೆ ಲೆಕ್ಕ ಹಾಕಬೇಕೆಂದು ಕಾನೂನು ಹೇಳುತ್ತದೆ. ಆಡಿಟರ್‌ಗಳು ಇದನ್ನು ಕ್ಲಬ್ಬಿಂಗ್ ಎನ್ನುತ್ತಾರೆ. ಹಳೆಯ ಕಾಯ್ದೆಯಲ್ಲಿ ಇದು 64ನೇ ಕಲಂ ಆಗಿತ್ತು. ಹೊಸ ಕಾಯ್ದೆಯಲ್ಲೂ ಈ ನಿಯಮ ಮುಂದುವರಿದಿದೆ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪತಿಯ ತೆರಿಗೆಯೋಗ್ಯ ಆದಾಯ 20 ಲಕ್ಷ, ಪತ್ನಿಗೆ ಸ್ವಂತ ಆದಾಯವಿಲ್ಲ ಎಂದುಕೊಳ್ಳಿ. ಪತಿ ತನ್ನ ಉಳಿತಾಯದ 15 ಲಕ್ಷವನ್ನು ಪತ್ನಿಯ ಹೆಸರಿನಲ್ಲಿ ಶೇ 7ರ ಬಡ್ಡಿಗೆ ಎಫ್‌ಡಿ ಇಡುತ್ತಾರೆ. ವರ್ಷಕ್ಕೆ 1,05,000 ರೂಪಾಯಿ ಬಡ್ಡಿ ಬರುತ್ತದೆ. ಬಡ್ಡಿ 50,000 ದಾಟಿದ್ದರಿಂದ ಬ್ಯಾಂಕು ಶೇ 10ರಂತೆ 10,500 ರೂಪಾಯಿಯನ್ನು ಟಿಡಿಎಸ್ ಆಗಿ, ಅಂದರೆ ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆಯಾಗಿ, ಹಿಡಿಯುತ್ತದೆ. ಪತ್ನಿಯ ಹೆಸರಿನಲ್ಲಿ ರಿಟರ್ನ್ಸ್ ಹಾಕಿದರೆ ಆ ಹಣ ರೀಫಂಡ್ ಆಗಿ ವಾಪಸ್ ಬರುತ್ತದೆ, ಮನೆಯವರಿಗೆ ಸಮಾಧಾನವೂ ಆಗುತ್ತದೆ. ಆದರೆ ಕಾನೂನಿನ ಪ್ರಕಾರ ಆ 1,05,000 ಪತಿಯ ಆದಾಯ. 20 ಲಕ್ಷದ ಮೇಲಿನ ಹಂತದಲ್ಲಿ ದರ ಶೇ 25 ಇರುವುದರಿಂದ ಅದರ ಮೇಲಿನ ತೆರಿಗೆ 26,250; ಸೆಸ್ ಸೇರಿದರೆ 27,300. ಇಲಾಖೆ ಇದನ್ನು ಮುಂದೆ ಎತ್ತಿದರೆ ಈ ತೆರಿಗೆಗೆ ಬಡ್ಡಿಯೂ, ಆದಾಯ ಕಡಿಮೆ ತೋರಿಸಿದ್ದಕ್ಕೆ ಬಾಕಿ ತೆರಿಗೆಯ ಶೇ 50ರಷ್ಟು ದಂಡವೂ ಸೇರಬಹುದು. ಅಷ್ಟಾಗಿ, ರೀಫಂಡ್ ಪಡೆದ ರಿಟರ್ನ್ಸ್‌ನಲ್ಲಿ ಹೆಸರಿರುವುದು ಪತ್ನಿಯದು. ಅದರಲ್ಲಿ ಏನು ಬರೆದಿದೆ ಎಂದು ಆಕೆಗೆ ಯಾರೂ ಹೇಳಿರುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ತೆರಿಗೆಯ ಮೊತ್ತಕ್ಕಿಂತ ಈ ಭಾಗವೇ.

ಹಾಗಾದರೆ ಪತ್ನಿಯ ಹೆಸರಿನಲ್ಲಿ ಹಣ ಇಡುವುದೇ ತಪ್ಪೇ? ಖಂಡಿತ ಅಲ್ಲ, ಇಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಯಾರ ಹಣ, ಎಲ್ಲಿಂದ ಬಂತು ಎಂಬುದು ಇಬ್ಬರಿಗೂ ಗೊತ್ತಿರಬೇಕು, ಕಾಗದದಲ್ಲೂ ಇರಬೇಕು. ಆಕೆಯ ಸ್ವಂತ ದುಡಿಮೆ, ತವರಿನಿಂದ ಬಂದ ಹಣ, ತಂದೆಯ ಆಸ್ತಿಯಲ್ಲಿ ಸಿಕ್ಕ ಪಾಲು, ಮದುವೆಯಲ್ಲಿ ಬಂದ ಸ್ತ್ರೀಧನ ಇವೆಲ್ಲ ಆಕೆಯವು. ಇವುಗಳಿಂದ ಬರುವ ಆದಾಯವೂ ಆಕೆಯದೇ. ಮದುವೆಗೆ ಮುಂಚೆ ಕೊಟ್ಟ ಹಣಕ್ಕೂ ಕ್ಲಬ್ಬಿಂಗ್ ಅನ್ವಯಿಸುವುದಿಲ್ಲ. ಪತಿ ಕೊಟ್ಟ ಹಣದ ವಿಷಯದಲ್ಲೂ ಒಂದು ಸೂಕ್ಷ್ಮವಿದೆ: ಆ ಹಣದ ಬಡ್ಡಿ ಪತಿಯ ಆದಾಯಕ್ಕೆ ಸೇರುತ್ತದೆ, ಆದರೆ ಆ ಬಡ್ಡಿಯನ್ನು ಮತ್ತೆ ತೊಡಗಿಸಿದರೆ ಅದರಿಂದ ಬರುವ ಆದಾಯ ಪತ್ನಿಯದು. ನಮ್ಮ ಉದಾಹರಣೆಯ 1,05,000ವನ್ನು ಪ್ರತ್ಯೇಕ ಎಫ್‌ಡಿಯಾಗಿ ಇಟ್ಟರೆ ಮುಂದಿನ ವರ್ಷ ಬರುವ 7,350 ರೂಪಾಯಿ ಆಕೆಯ ಲೆಕ್ಕಕ್ಕೆ ಹೋಗುತ್ತದೆ. ಅಸಲು, ಬಡ್ಡಿ ಎರಡನ್ನೂ ಒಂದೇ ಖಾತೆಯಲ್ಲಿ ಬೆರೆಸಿಬಿಟ್ಟರೆ ಹತ್ತು ವರ್ಷದ ನಂತರ ಯಾವುದು ಯಾರದೆಂದು ತೋರಿಸಲು ಸಾಧ್ಯವಾಗುವುದಿಲ್ಲ. ಆದ್ದರಿಂದ ಬಡ್ಡಿಗೆಂದೇ ಒಂದು ಬೇರೆ ಉಳಿತಾಯ ಖಾತೆ ಇರಲಿ. ಪತ್ನಿಯ ಪಿಪಿಎಫ್ ಖಾತೆಗೆ ಪತಿ ಹಣ ತುಂಬಿದರೆ ಅದರ ಬಡ್ಡಿಗೆ ತೆರಿಗೆಯೇ ಇಲ್ಲದಿರುವುದರಿಂದ ಈ ತೊಡಕು ಬರುವುದಿಲ್ಲ. ಹಳೆಯ ವರ್ಷಗಳ ರಿಟರ್ನ್ಸ್‌ನಲ್ಲಿ ಕ್ಲಬ್ಬಿಂಗ್ ಬಿಟ್ಟುಹೋಗಿದ್ದರೆ ಗಾಬರಿಯಾಗಬೇಕಿಲ್ಲ. ನಾಲ್ಕು ವರ್ಷಗಳವರೆಗೆ ಹೆಚ್ಚುವರಿ ತೆರಿಗೆ ಕಟ್ಟಿ ಅಪ್‌ಡೇಟೆಡ್ ರಿಟರ್ನ್ಸ್ ಸಲ್ಲಿಸಲು 2025ರ ಬಜೆಟ್ ಅವಕಾಶ ಕೊಟ್ಟಿದೆ. ತಡ ಮಾಡಿದಷ್ಟೂ ಹೆಚ್ಚುವರಿಯ ಪ್ರಮಾಣ ಶೇ 25ರಿಂದ 70ರವರೆಗೆ ಏರುತ್ತದೆ, ಅಷ್ಟೆ.

ಈಗ, ಕೂತು ನೋಡುವುದು ಎಂದರೆ ಏನನ್ನು ನೋಡುವುದು? ಎಲ್ಲಕ್ಕಿಂತ ಮೊದಲು ಇಬ್ಬರ ಎಐಎಸ್ ನೋಡಿ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆದರೆ ವಾರ್ಷಿಕ ಮಾಹಿತಿ ಪಟ್ಟಿ ಎಂಬ ಈ ಕಡತ ಸಿಗುತ್ತದೆ. ಇಳಿಸಿಕೊಂಡ ಕಡತ ತೆರೆಯಲು ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ಅದರ ಮುಂದೆಯೇ ಹುಟ್ಟಿದ ದಿನ, ತಿಂಗಳು, ವರ್ಷವನ್ನು ಜೋಡಿಸಿ ಪಾಸ್‌ವರ್ಡ್ ಆಗಿ ಕೊಡಬೇಕು. ಉಳಿತಾಯ ಖಾತೆಯ ಬಡ್ಡಿ, ಎಫ್‌ಡಿ ಬಡ್ಡಿ, ಡಿವಿಡೆಂಡ್, ಷೇರು ಮತ್ತು ಮ್ಯೂಚುವಲ್ ಫಂಡ್ ಮಾರಾಟ, ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ತುಂಬಿದ ನಗದು, 30 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಆಸ್ತಿ ನೋಂದಣಿ ಇವೆಲ್ಲ ಅಲ್ಲಿ ಸಾಲುಸಾಲಾಗಿ ಇರುತ್ತವೆ. ಪತ್ನಿಯ ಎಐಎಸ್ ಅನ್ನು ಪತ್ನಿಯೇ ಗಟ್ಟಿಯಾಗಿ ಓದಲಿ, ಪತಿಯದನ್ನು ಪತಿ ಓದಲಿ. 'ರೀ, ಈ ಬ್ಯಾಂಕಿನಲ್ಲಿ ನನ್ನ ಹೆಸರಲ್ಲಿ ಖಾತೆ ಇದೆಯಾ?' ಎಂಬ ಪ್ರಶ್ನೆ ಬಂದರೆ ಆ ಸಂಜೆ ಕೂತದ್ದು ಸಾರ್ಥಕವೆಂದೇ ತಿಳಿಯಿರಿ. ಹಾಗೆಯೇ ಪತ್ನಿಯ ಲಾಗಿನ್‌ಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಆಕೆಯದೇ ಆಗಿರಲಿ. ಎಷ್ಟೋ ಮನೆಗಳಲ್ಲಿ ಅಲ್ಲಿ ಪತಿಯ ಸಂಖ್ಯೆಯೋ ಆಡಿಟರ್ ಕಚೇರಿಯ ಸಂಖ್ಯೆಯೋ ಇರುತ್ತದೆ, ಇಲಾಖೆಯ ನೋಟಿಸು ಬಂದದ್ದು ಅದನ್ನು ಪಡೆಯಬೇಕಾದವರಿಗೇ ತಿಳಿಯುವುದಿಲ್ಲ.

ಇಬ್ಬರೂ ದುಡಿಯುವ ಮನೆಗಳ ಸಮಸ್ಯೆ ಬೇರೆ ಬಗೆಯದು. ಅದರ ಬಗ್ಗೆ ಸ್ವಲ್ಪ ಹೆಚ್ಚು ಮಾತನಾಡಬೇಕೆಂದಿದ್ದೇನೆ. ಬಹಳಷ್ಟು ಮನೆಗಳಲ್ಲಿ ಪತಿಯ ಸಂಬಳದಿಂದ ಮನೆ ಸಾಲದ ಇಎಂಐ ಹೋಗುತ್ತದೆ. ಪತ್ನಿಯ ಸಂಬಳದಿಂದ ದಿನಸಿ, ಹಾಲು, ಮಕ್ಕಳ ಫೀಸು, ಕೆಲಸದವರ ಸಂಬಳ, ಹಬ್ಬದ ಬಟ್ಟೆಬರೆಗಳ ಖರ್ಚು ನಡೆಯುತ್ತದೆ. ತಿಂಗಳ ಲೆಕ್ಕದಲ್ಲಿ ಇಬ್ಬರ ಪಾಲೂ ಸಮವಾಗಿ ಕಾಣಬಹುದು. ಹದಿನೈದು ವರ್ಷ ಕಳೆದ ಮೇಲೆ ಪತಿಯ ಹೆಸರಿನಲ್ಲಿ ಒಂದು ಮನೆ ನಿಂತಿರುತ್ತದೆ, ಪತ್ನಿಯ ದುಡಿಮೆ ಅಡುಗೆಮನೆಯಲ್ಲಿ ಕರಗಿ ಹೋಗಿರುತ್ತದೆ. ದಿನಸಿ ಅಂಗಡಿಯ ಬಿಲ್ಲನ್ನು ಯಾರೂ ಹದಿನೈದು ವರ್ಷ ಜೋಪಾನವಾಗಿ ಇಡುವುದಿಲ್ಲ. ಯಾರೂ ಮೋಸ ಮಾಡಬೇಕೆಂದು ಹೀಗೆ ಮಾಡಿರುವುದಿಲ್ಲ, ಮೊದಲ ತಿಂಗಳು ಅನುಕೂಲಕ್ಕೆಂದು ಮಾಡಿಕೊಂಡ ಏರ್ಪಾಡು ಹಾಗೆಯೇ ಮುಂದುವರಿದಿರುತ್ತದೆ. ವರ್ಷಕ್ಕೊಮ್ಮೆಯಾದರೂ ಕೂತು ನೋಡಿದ್ದರೆ ಇದು ಕಣ್ಣಿಗೆ ಬೀಳುತ್ತಿತ್ತು. ತೆರಿಗೆಯ ದೃಷ್ಟಿಯಿಂದಲೂ ಇದರ ತಿರುವುಮುರುವು ಏರ್ಪಾಡೇ ಒಳ್ಳೆಯದು: ಹೆಚ್ಚು ದರದಲ್ಲಿ ತೆರಿಗೆ ಕಟ್ಟುವವರು ಮನೆಯ ಖರ್ಚು ನೋಡಿಕೊಂಡು, ಕಡಿಮೆ ದರದವರು ತಮ್ಮ ಸ್ವಂತ ಸಂಬಳವನ್ನು ಉಳಿತಾಯ ಮತ್ತು ಹೂಡಿಕೆಗೆ ಹಾಕಿದರೆ, ಆ ಹಣ ಅವರ ಸ್ವಂತದ್ದೇ ಆದ್ದರಿಂದ ಕ್ಲಬ್ಬಿಂಗ್ ಪ್ರಶ್ನೆ ಏಳುವುದಿಲ್ಲ. ಷೇರು ಅಥವಾ ಈಕ್ವಿಟಿ ಫಂಡ್‌ಗಳ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲದ ಮಿತಿಯೂ ಇಬ್ಬರಿಗೆ ಪ್ರತ್ಯೇಕವಾಗಿ ಸಿಗುತ್ತದೆ.

ಮನೆ ಸಾಲದ ಕಾಗದಗಳನ್ನು ತೆಗೆದಾಗ ಕ್ರಯಪತ್ರವನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ. ಸಾಲದ ಅರ್ಹತೆ ಹೆಚ್ಚಿಸಲೆಂದು ಬ್ಯಾಂಕು ಪತ್ನಿಯನ್ನು ಸಹಸಾಲಗಾರಳನ್ನಾಗಿ ಸೇರಿಸಿಕೊಂಡಿರುತ್ತದೆ, ಆದರೆ ಕ್ರಯಪತ್ರದಲ್ಲಿ ಆಕೆಯ ಹೆಸರು ಇರುವುದಿಲ್ಲ. ಅಂದರೆ ಸಾಲ ತೀರಿಸುವ ಪೂರ್ಣ ಹೊಣೆ ಆಕೆಗಿದೆ, ಮನೆಯ ಒಂದು ಇಟ್ಟಿಗೆಯ ಮೇಲೂ ಹಕ್ಕಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಸಿಗುವ 2 ಲಕ್ಷದ ವಿನಾಯಿತಿಯನ್ನು ಇಬ್ಬರೂ ಪ್ರತ್ಯೇಕವಾಗಿ ಪಡೆಯಬಹುದು, ಆದರೆ ಇಬ್ಬರೂ ಸಹಮಾಲೀಕರೂ ಸಹಸಾಲಗಾರರೂ ಆಗಿದ್ದು, ತಂತಮ್ಮ ಪಾಲನ್ನು ಕಟ್ಟುತ್ತಿದ್ದರೆ ಮಾತ್ರ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. ಹಳೆಯದೋ ಹೊಸದೋ ಎಂಬ ಆಯ್ಕೆಯನ್ನು ಇಬ್ಬರೂ ಒಂದೇ ರೀತಿ ಮಾಡಬೇಕೆಂದಿಲ್ಲ. ಒಬ್ಬರು ಹಳೆಯದರಲ್ಲಿ, ಇನ್ನೊಬ್ಬರು ಹೊಸದರಲ್ಲಿ ಇರಬಹುದು. ಸಂಬಳದಾರರು ಪ್ರತಿ ವರ್ಷ ಬದಲಿಸಲೂಬಹುದು. ಹೊಸ ಪದ್ಧತಿಗೆ ಹೋದವರು, ಹಿಂದೆ ತೆರಿಗೆ ಉಳಿಸಲೆಂದೇ ಫೆಬ್ರವರಿಯ ಅವಸರದಲ್ಲಿ ಕೊಂಡ ವಿಮಾ ಪಾಲಿಸಿಗಳು ಈಗ ಯಾತಕ್ಕೆ ಬೇಕು ಎಂದು ಕೂತು ಯೋಚಿಸಲೇಬೇಕು.

ಅಂಗಡಿ, ಹೋಟೆಲು, ಬೇಕರಿ ನಡೆಸುವ ಮನೆಗಳಿಗೆ ಒಂದು ಮಾತು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟದ್ದು ನಿಮಗೆ ನೆನಪಿರಬಹುದು. ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಗಲ್ಲಾಪೆಟ್ಟಿಗೆಯ ಮುಂದೆ ಅಂಟಿಸಿರುವ ಕ್ಯೂಆರ್ ಕೋಡ್ ಯಾರ ಖಾತೆಗೆ ಸೇರಿದ್ದೆಂದು ನೋಡಿ. ಅದು ಪತ್ನಿಯ ಖಾತೆಯದ್ದಾಗಿದ್ದರೆ ಇಡೀ ವಹಿವಾಟು ಆಕೆಯ ಹೆಸರಿನಲ್ಲಿ ದಾಖಲಾಗುತ್ತದೆ, ಉತ್ತರ ಕೊಡಬೇಕಾದವರೂ ಆಕೆಯೇ ಆಗುತ್ತಾರೆ. ಇದರ ಜೊತೆಗೇ ನೆನಪಿಡಬೇಕಾದದ್ದು ಗೃಹಲಕ್ಷ್ಮಿ ಯೋಜನೆ. ಮನೆಯ ಯಜಮಾನಿಯ ಖಾತೆಗೆ ಬರುವ ತಿಂಗಳ 2,000 ರೂಪಾಯಿಗೆ, ಆಕೆಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರೋ ಆಗಿದ್ದರೆ ಅರ್ಹತೆಯಿಲ್ಲ. ಪತಿ ಒಂದು ಕಡೆ ನೋಂದಣಿ ಮಾಡಿಸಿ ಪತ್ನಿಗೆ ಹೇಳದಿದ್ದರೆ, ಹಣ ನಿಂತದ್ದು ಏಕೆಂದು ತಿಳಿಯದೆ ಆಕೆ ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ಆದಾಯ, ಆಸ್ತಿಗಳಿಗಿಂತ ಹೆಚ್ಚು ಮುಚ್ಚಿಡುವುದು ಸಾಲವನ್ನು. ಅದರಲ್ಲೂ ಜಾಮೀನನ್ನು. ಸಹಕಾರ ಸಂಘದಲ್ಲಿ ಸ್ನೇಹಿತನ ಸಾಲಕ್ಕೆ ಹಾಕಿದ ಸಹಿ ಬರಿಯ ಸ್ನೇಹದ ಸಹಿಯಲ್ಲ. ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ನೋಂದಣಿಯಿಲ್ಲದ ಚೀಟಿಗೆ ಪತ್ನಿ ಕಟ್ಟುತ್ತಿರುವ ಕಂತು, ಸ್ವಸಹಾಯ ಸಂಘದಲ್ಲಿ ತೆಗೆದ ಸಾಲ, ಆಕೆಯ ಒಡವೆ ಅಡವಿಟ್ಟು ಪತಿ ತಂದ ಹಣ ಇವೆಲ್ಲ ಒಂದೇ ಹಾಳೆಯ ಮೇಲೆ ಬರಬೇಕು. ಒಡವೆಯ ತೂಕವನ್ನೂ, ಇರುವ ಬಿಲ್ಲುಗಳನ್ನೂ ಬರೆದಿಡಿ. ತೆರಿಗೆ ಶೋಧದ ಸಂದರ್ಭದಲ್ಲಿ ವಿವಾಹಿತೆಯ 500 ಗ್ರಾಂವರೆಗಿನ ಆಭರಣವನ್ನು ವಶಪಡಿಸಿಕೊಳ್ಳಬಾರದೆಂದು 1994ರಿಂದಲೇ ಸೂಚನೆಯಿದೆ. ಆದರೆ ಪಟ್ಟಿ ಬೇಕಾಗುವುದು ಅದಕ್ಕಷ್ಟೇ ಅಲ್ಲ, ಯಾವುದು ಆಕೆಯ ಸ್ತ್ರೀಧನವೆಂದು ಇಬ್ಬರಿಗೂ ಸ್ಪಷ್ಟವಾಗಿರಲಿ ಎಂಬುದಕ್ಕೂ ಬೇಕು.

ನಾಮಿನಿ ವಿಷಯಕ್ಕೆ ಬರೋಣ. ಕೆಲಸಕ್ಕೆ ಸೇರಿದ ದಿನ ತುಂಬಿದ ನಮೂನೆಯಲ್ಲಿ ತಾಯಿಯ ಹೆಸರು ಬರೆದು, ಮದುವೆಯಾಗಿ ಎಷ್ಟೋ ವರ್ಷವಾದರೂ ಬದಲಿಸದವರು ಅನೇಕರು. ನೌಕರರ ಭವಿಷ್ಯನಿಧಿಯಲ್ಲಿ (ಪಿಎಫ್) ಮದುವೆಯ ನಂತರ ಹೊಸದಾಗಿ ನಾಮಿನಿ ಮಾಡಬೇಕು, ಈಗ ಅದನ್ನು ಆನ್‌ಲೈನ್‌ನಲ್ಲೇ ಮಾಡಬಹುದು. ಬ್ಯಾಂಕ್ ಠೇವಣಿಗಳಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸುವ ಅವಕಾಶ ಬಂದಿದೆ. ಆದರೆ ನಾಮಿನಿಯೇ ಒಡೆಯರಲ್ಲ. ಷೇರುಗಳ ಕುರಿತು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪು ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಉಯಿಲು ಬರೆಯದೆ ಹಿಂದೂ ಪುರುಷ ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯ್ದೆಯಂತೆ ಆತನ ಸ್ವಂತ ಆಸ್ತಿಯಲ್ಲಿ ಪತ್ನಿ ಮತ್ತು ಮಕ್ಕಳ ಜೊತೆಗೆ ತಾಯಿಗೂ ಸಮಪಾಲು ಇರುತ್ತದೆ. ಪತ್ನಿ ನಾಮಿನಿಯಾಗಿದ್ದರೆ ಎಲ್ಲವೂ ಆಕೆಗೇ ಬರುತ್ತದೆ ಎಂದೂ, ಹೆಸರಿಲ್ಲದ ಕಾರಣ ಅತ್ತೆಗೆ ಏನೂ ಇಲ್ಲ ಎಂದೂ ಭಾವಿಸಿ ಮನೆಗಳು ಒಡೆದುಹೋಗುವುದನ್ನು ಕಂಡಿದ್ದೇನೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಗಂಡ ಹೆಂಡತಿ ಇಬ್ಬರೂ ಬರೆಯಬೇಕು. ಇದನ್ನು ಅಪಶಕುನವೆಂದು ಮುಂದೂಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಯಾವಾಗ ಕೂರಬೇಕು ಎಂದು ಹಲವರು ಕೇಳುತ್ತಾರೆ. ಹಣಕಾಸು ವರ್ಷವೇ ದಿನಗಳನ್ನು ಗೊತ್ತುಮಾಡಿಕೊಟ್ಟಿದೆ. ಯುಗಾದಿಯ ಆಸುಪಾಸಿನಲ್ಲಿ ಹೊಸ ಹಣಕಾಸು ವರ್ಷ ಶುರುವಾಗುತ್ತದೆ, ಮೊದಲ ಸಲ ಕೂರಬೇಕಾದದ್ದು ಆಗ. ಏಪ್ರಿಲ್ 5ರೊಳಗೆ ಪಿಪಿಎಫ್‌ಗೆ ಹಣ ತುಂಬಿದರೆ ಆ ತಿಂಗಳಿನ ಬಡ್ಡಿಯೂ ಸಿಗುತ್ತದೆ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದವರಿಗೆ ಶೇ 5ರ ರಿಯಾಯಿತಿ ಕೊಡುವ ಪದ್ಧತಿಯಿದೆ. ಕಂಪನಿಗೆ ಯಾವ ತೆರಿಗೆ ಪದ್ಧತಿ ಎಂದು ತಿಳಿಸುವುದೂ ಆಗಲೇ. ಎರಡನೆಯದು ಜುಲೈ ಮೊದಲ ವಾರಗಳಲ್ಲಿ, ಅಂದರೆ ಸಂಬಳದಾರರ ರಿಟರ್ನ್ಸ್‌ನ ಕೊನೆಯ ದಿನವಾದ ಜುಲೈ 31ಕ್ಕೆ ಸಾಕಷ್ಟು ಮುಂಚೆ. ಮೂರನೆಯದು ಸೆಪ್ಟೆಂಬರ್ 15ರ ಒಳಗೆ ಇರಲಿ. ಟಿಡಿಎಸ್ ಕಳೆದ ಮೇಲೂ ವರ್ಷಕ್ಕೆ 10,000 ರೂಪಾಯಿ ಅಥವಾ ಹೆಚ್ಚು ತೆರಿಗೆ ಬಾಕಿ ಉಳಿಯುವಂತಿದ್ದರೆ ಅಷ್ಟರಲ್ಲಿ ಶೇ 45ರಷ್ಟು ಮುಂಗಡ ತೆರಿಗೆ ಕಟ್ಟಿರಬೇಕು. ಬ್ಯಾಂಕು ಎಫ್‌ಡಿ ಬಡ್ಡಿಯಲ್ಲಿ ಹಿಡಿಯುವುದು ಶೇ 10 ಮಾತ್ರ, ನಿಮ್ಮ ದರ ಶೇ 30 ಇದ್ದರೆ ಉಳಿದದ್ದನ್ನು ನೀವೇ ಕಟ್ಟಬೇಕೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಕೊನೆಯದು ಜನವರಿಯಲ್ಲಿ, ಕಂಪನಿಯವರು ದಾಖಲೆ ಕೇಳುವ ಹೊತ್ತಿಗೆ. ಪ್ರತಿ ಸಲವೂ ಎಲ್ಲವನ್ನೂ ನೋಡಬೇಕಿಲ್ಲ. ಉಯಿಲು, ನಾಮಿನಿ, ವಿಮೆಗಳನ್ನು ಏಪ್ರಿಲ್‌ನಲ್ಲಿ ಒಮ್ಮೆ ನೋಡಿದರೆ ಸಾಕು.

ಕೂರುವಾಗ ಟಿವಿ ಆರಿಸಿ, ಮಕ್ಕಳು ಮಲಗಿದ ಮೇಲೋ ಭಾನುವಾರ ತಿಂಡಿಯಾದ ಮೇಲೋ ಕೂತುಕೊಳ್ಳಿ. ಹಳೆಯ ತಪ್ಪುಗಳ ವಿಚಾರಣೆಗೆ ಅದು ಜಾಗವಲ್ಲ. ಕಳೆದ ಸಲ ಯಾರು ಯಾವ ಕೆಲಸ ಮಾಡುವುದಾಗಿ ಒಪ್ಪಿಕೊಂಡಿದ್ದರೋ ಅದು ಆಯಿತೇ ಎಂದು ನೋಡಿ, ಈ ಸಲದ ಕೆಲಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ರಿಟರ್ನ್ಸ್ ಸಲ್ಲಿಸುವ ಮುನ್ನ ಇಬ್ಬರೂ ಇಬ್ಬರ ಲೆಕ್ಕವನ್ನೂ ಓದಿರಬೇಕು. ಆಡಿಟರ್ ಹತ್ತಿರ ಹೋಗುವಾಗಲೂ ಇಬ್ಬರೂ ಹೋಗಿ, ಅರ್ಥವಾಗದ್ದನ್ನು ಕೇಳಿ. ಕೇಳಿದರೆ ಬೇಸರಪಡುವ ಆಡಿಟರ್‌ನನ್ನು ಬದಲಿಸುವುದೇ ಒಳ್ಳೆಯದು.

ಉಪನ್ಯಾಸದ ನಂತರ ಸಭೆಯಲ್ಲಿದ್ದ ಮಹಿಳೆಯೊಬ್ಬರು, 'ಮನೆಯವರು ಯಾವ ಲೆಕ್ಕವನ್ನೂ ತೋರಿಸುವುದಿಲ್ಲ, ಕೇಳಿದರೆ ಜಗಳವಾಗುತ್ತದೆ, ಅಂಥವರು ಏನು ಮಾಡಬೇಕು ಸರ್?' ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿಯೂ ಸೇರಿಸುತ್ತಿದ್ದೇನೆ. ನಿಮ್ಮ ಮನೆಯವರ ಲೆಕ್ಕ ಸಿಗದಿದ್ದರೂ ನಿಮ್ಮ ಲೆಕ್ಕ ನೋಡಲು ಯಾರ ಒಪ್ಪಿಗೆಯೂ ಬೇಕಿಲ್ಲ ತಾಯಿ. ನಿಮ್ಮ ಪ್ಯಾನ್ ಮತ್ತು ಆಧಾರ್‌ಗೆ ಜೋಡಿಸಿದ ಮೊಬೈಲ್ ನಿಮ್ಮ ಕೈಯಲ್ಲಿದ್ದರೆ ಆದಾಯ ತೆರಿಗೆ ಪೋರ್ಟಲ್‌ನ ಪಾಸ್‌ವರ್ಡನ್ನು ನೀವೇ ಬದಲಿಸಿಕೊಳ್ಳಬಹುದು. ಬೇರೆಯವರ ಸಂಖ್ಯೆ ಜೋಡಿಸಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ನಿಮ್ಮದಕ್ಕೆ ಬದಲಿಸಿ. ನಂತರ ನಿಮ್ಮ ಎಐಎಸ್ ಇಳಿಸಿಕೊಳ್ಳಿ, ನಿಮ್ಮ ಹೆಸರಿನ ಹಿಂದಿನ ರಿಟರ್ನ್ಸ್‌ಗಳೂ ಅದೇ ಪೋರ್ಟಲ್‌ನಲ್ಲಿ ಸಿಗುತ್ತವೆ. ಸಿಬಿಲ್‌ನಂಥ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಿಮ್ಮ ಹೆಸರಿನಲ್ಲಿ ಯಾವ ಸಾಲವಿದೆ, ಯಾವುದಕ್ಕೆ ನೀವು ಸಹಸಾಲಗಾರರು, ಯಾವುದಕ್ಕೆ ಜಾಮೀನುದಾರರು ಎಂಬುದು ಅದರಲ್ಲಿ ಕಾಣುತ್ತದೆ. ಈ ಮೂರು ಕಾಗದ ಕೈಗೆ ಬಂದ ಮೇಲೆ, ಅರ್ಥವಾಗದ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಯಾವುದಾದರೂ ತೆರಿಗೆ ಸಲಹೆಗಾರರ ಬಳಿ ನೀವೊಬ್ಬರೇ ಹೋಗಿ. ಅಲ್ಲಿಯವರೆಗೆ ಓದದ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಯಾತಕ್ಕೆಂದು ತಿಳಿಯದೆ ಒಟಿಪಿ ಹೇಳಬೇಡಿ.